ಕೆಡವಲಿರುವ ಮನೆಯ ಅಂಗಳದ ಮರಗಳನ್ನು ಬೋನ್ಸಾಯ್‌ಗಾಗಿ ಅಗೆದು ತರಬಹುದೇ?

ಹಂಚಿನಮನೆ (ಬಿಜೈ, ಮಂಗಳೂರು), ಮಾರ್ಚ್ 22

ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಹಳೆಯ ಹಂಚಿನ ಮನೆಯನ್ನು ಏಪ್ರಿಲ್ ಕೊನೆಯ ವಾರದಲ್ಲಿ ಕೆಡವಲಿದ್ದಾರೆ; ಆ 18 ಸೆಂಟ್ಸ್ ಜಾಗದಲ್ಲಿ ಫ್ಲ್ಯಾಟುಗಳು ಬರುತ್ತವೆ. ಮನೆಯ ಹಿರಿಯಮ್ಮ ಕಳೆದ ವಾರ ನನ್ನನ್ನು ಕರೆದು, "ನಿನಗೆ ಬೇಕಾದ ಗಿಡಗಳನ್ನು ತೆಗೆದುಕೊಂಡು ಹೋಗು ಮಗಾ, ಎಲ್ಲವೂ ಜೆಸಿಬಿಯ ಬಾಯಿಗೆ ಬೀಳುವುದು ಬೇಡ" ಎಂದರು. ನಾನು ನಾಲ್ಕು ವರ್ಷಗಳಿಂದ ನರ್ಸರಿಯ ಸಣ್ಣ ಗಿಡಗಳನ್ನು ತಂದು ಬೋನ್ಸಾಯ್ ಮಾಡುತ್ತಿದ್ದೇನೆ, ಆದರೆ ನೆಲದಲ್ಲಿ ಬೆಳೆದ ಹಳೆಯ ಮರವನ್ನು ಒಮ್ಮೆಯೂ ಅಗೆದವನಲ್ಲ.

ಅಲ್ಲಿ ಇರುವುದು ಇಷ್ಟು: ಗೇಟಿನ ಪಕ್ಕದಲ್ಲಿ ತೊಡೆಯಷ್ಟು ದಪ್ಪ ಬುಡದ ಒಂದು ಬೋಗನ್‌ವಿಲ್ಲಾ; ವರ್ಷಕ್ಕೆ ಎರಡು ಬಾರಿ ಕತ್ತರಿಸಿ ಕತ್ತರಿಸಿ ಬುಡ ಗಂಟುಗಂಟಾಗಿರುವ ಕೇಪಳದ (ಇಕ್ಸೋರಾ ಹೂಗಿಡದ) ಬೇಲಿ; ಬಾವಿಕಟ್ಟೆಯ ಕಲ್ಲಿನ ಸಂದಿಯಲ್ಲಿ ಹುಟ್ಟಿದ ಒಂದು ಗೋಳಿ (ಆಲ); ಹಿತ್ತಿಲಿನಲ್ಲಿ ಎರಡು ಪೇರಳೆ (ಸೀಬೆ); ಹಲಸಿನ ಮರ ಒಂದು; ಅಂಗಳದ ಈಶಾನ್ಯ ಮೂಲೆಯಲ್ಲಿ ಮಾಡಿಗಿಂತ (ಛಾವಣಿಗಿಂತ) ಎತ್ತರ ಬೆಳೆದ ರಂಜೆ (ಬಕುಳ) ಮರ. ಇವುಗಳಲ್ಲಿ ಯಾವುದನ್ನು ಉಳಿಸಲು ಸಾಧ್ಯ, ಈ ಬಿಸಿಲಿನಲ್ಲಿ ಅಗೆಯಬಹುದೇ, ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕು.

ಮುರಕಲ್ಲು (ಮೂಡುಬಿದಿರೆ), ಮಾರ್ಚ್ 22

ಹಂಚಿನಮನೆಯವರೇ, ನಿಮ್ಮ ಕೈಯಲ್ಲಿ ಒಂದು ತಿಂಗಳು ಇದೆ ಎಂಬುದೇ ದೊಡ್ಡ ಸಂಗತಿ. ನಮಗೆ ಸಾಮಾನ್ಯವಾಗಿ ಸುದ್ದಿ ಸಿಗುವುದು ಯಂತ್ರ ಬಂದು ನಿಂತ ಮೇಲೆ.

ಹಲಸನ್ನು ಬಿಟ್ಟುಬಿಡಿ. ಅದರ ತಾಯಿಬೇರನ್ನು ಕಡಿದರೆ ಆ ವಯಸ್ಸಿನ ಮರ ಚೇತರಿಸಿಕೊಳ್ಳುವುದಿಲ್ಲ, ಎಲೆಯೂ ಕುಂಡಕ್ಕೆ ಒಗ್ಗುವಷ್ಟು ಚಿಕ್ಕದಾಗುವುದಿಲ್ಲ. ಬೋಗನ್‌ವಿಲ್ಲಾ, ಗೋಳಿ, ಪೇರಳೆ ಈ ಮೂರೂ ಹಳೆಯ ಕಟ್ಟಿಗೆಯಿಂದ ನೇರವಾಗಿ ಚಿಗುರುವ ಜಾತಿಗಳು. ಒಂದು ಅಡಿ ಎತ್ತರಕ್ಕೆ ಕಾಂಡವನ್ನು ಕತ್ತರಿಸಿದರೂ ತೊಗಟೆಯ ಅಡಿಯಲ್ಲಿ ಮಲಗಿರುವ ಮೊಗ್ಗುಗಳು ಏಳುತ್ತವೆ. ಕೇಪಳವೂ ಏಳುತ್ತದೆ, ಆದರೆ ಅದಕ್ಕೆ ತಾಳ್ಮೆ ಬೇಕು, ಮತ್ತು ಅದನ್ನು ಒಮ್ಮೆಗೇ ಬೋಳು ಮಾಡಬಾರದು. ಕೊಂಬೆಗಳನ್ನು ಅರ್ಧಕ್ಕೆ ಇಳಿಸಿ ಒಂದಷ್ಟು ಎಲೆಗಳನ್ನು ಉಳಿಸಿಕೊಳ್ಳಿ.

ನಾಳೆಯೇ ಮಾಡಬೇಕಾದ ಕೆಲಸ ಒಂದಿದೆ. ಬುಡದ ದಪ್ಪದ ಮೂರು ನಾಲ್ಕು ಪಟ್ಟು ಅಗಲದ ಒಂದು ವೃತ್ತವನ್ನು ನೆಲದ ಮೇಲೆ ಗುರುತು ಮಾಡಿ, ಅದರ ಅರ್ಧ ಭಾಗವನ್ನು ಮಾತ್ರ ಒಂದೂವರೆ ಅಡಿ ಆಳಕ್ಕೆ ಅಗೆಯಿರಿ. ಅಡ್ಡ ಸಿಗುವ ದಪ್ಪ ಬೇರುಗಳನ್ನು ಪಿಕ್ಕಾಸಿನಿಂದ ಜಜ್ಜದೆ ಕೈಗರಗಸದಿಂದ ನೇರವಾಗಿ ಕುಯ್ಯಿರಿ. ಆ ಚರಂಡಿಯನ್ನು ತೆಂಗಿನ ನಾರಿನ ಹುಡಿ ಮತ್ತು ಹೊಳೆಯ ಮರಳನ್ನು ಬೆರೆಸಿ ಮುಚ್ಚಿ, ದಿನವೂ ಸಂಜೆ ನೀರು ಕೊಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ಮೂರು ನಾಲ್ಕು ವಾರಗಳೊಳಗೆ ಕುಯ್ದ ತುದಿಗಳಿಂದ ಬಿಳಿ ಬೇರುಗಳು ಆ ಹುಡಿಯೊಳಗೆ ಇಳಿಯತೊಡಗುತ್ತವೆ. ಉಳಿದ ಅರ್ಧವನ್ನು ಮರ ಎತ್ತುವ ದಿನ ಕುಯ್ದರೆ ಸಾಕು. ನಿಮ್ಮ ಜಾಗದಲ್ಲಿ ಮೇಲ್ಮಣ್ಣಿನ ಕೆಳಗೆ ಮುರಕಲ್ಲಿನ (ಜಂಬಿಟ್ಟಿಗೆಯ) ಹಾಸು ಇದ್ದರೆ ಅದೃಷ್ಟ ಎಂದುಕೊಳ್ಳಿ. ಕೆಳಗೆ ಇಳಿಯಲಾಗದ ಬೇರುಗಳು ಅಕ್ಕಪಕ್ಕಕ್ಕೆ ಹರಡಿ ಚಪ್ಪಟೆಯಾಗಿರುತ್ತವೆ, ಕುಂಡದಲ್ಲಿ ನಮಗೆ ಬೇಕಾಗಿರುವುದೂ ಅದೇ.

ಪಡುಕೆರೆ (ಉಡುಪಿ), ಮಾರ್ಚ್ 23

ಈ ಚರ್ಚೆಯಲ್ಲಿ "ಉಳಿಸುವುದು" ಎಂಬ ಮಾತನ್ನು ಬಳಸುತ್ತಿರುವ ರೀತಿಗೆ ನನ್ನ ತಕರಾರು ಇದೆ. ಹನ್ನೆರಡು ಅಡಿ ಎತ್ತರದ, ಹೂ ಬಿಡುವ, ಹಕ್ಕಿ ಕೂರುವ ಒಂದು ಮರದ ಹತ್ತರಲ್ಲಿ ಒಂಬತ್ತು ಪಾಲನ್ನು ಕತ್ತರಿಸಿ, ಬೇರುಗಳ ಬಹುಪಾಲನ್ನು ಕುಯ್ದು, ಉಳಿದ ಮೋಟನ್ನು ಪೆಟ್ಟಿಗೆಯಲ್ಲಿಟ್ಟರೆ ನಾವು ಉಳಿಸಿದ್ದು ಮರವನ್ನೇ ಅಥವಾ ಮರದ ಬುಡದ ಆಕಾರವನ್ನೇ? ಬೋನ್ಸಾಯ್ ಒಂದು ಕಲೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಕಲೆಗೆ ಬೇಕಾದ ಸಾಮಗ್ರಿಯನ್ನು ಸಂಗ್ರಹಿಸುವುದಕ್ಕೆ ದಯೆಯ ಹೆಸರನ್ನು ಕೊಟ್ಟರೆ, ನಾಳೆ ಮರ ಕಡಿಯುವವರಿಗೂ ಮನಸ್ಸಿಗೆ ಸಮಾಧಾನ ಸಿಗುತ್ತದೆ: ಹೇಗೂ ಯಾರೋ ಬಂದು ಬುಡವನ್ನು ಒಯ್ಯುತ್ತಾರೆ ಎಂದು.

ನನ್ನ ಪ್ರಶ್ನೆ ರಂಜೆಯ ಬಗ್ಗೆ. ಅದು ಅಂಗಳದ ಮೂಲೆಯಲ್ಲಿದೆ ಎಂದು ಬರೆದಿದ್ದೀರಿ. ಕಟ್ಟಡದ ಸುತ್ತಲೂ ಒಂದಷ್ಟು ಜಾಗವನ್ನು ಖಾಲಿ ಬಿಡಲೇಬೇಕಲ್ಲವೇ? ಆ ಮರ ಆ ಖಾಲಿ ಜಾಗದೊಳಗೇ ಬರಬಹುದು. ಅದನ್ನು ಅಲ್ಲಿಯೇ ಬಿಡಿ ಎಂದು ಕಟ್ಟುವವರನ್ನು ಯಾರಾದರೂ ಕೇಳಿದ್ದಾರೆಯೇ? ಬೆಳಗ್ಗೆ ಹೂ ಹೆಕ್ಕಲು ಮಕ್ಕಳು ಬರುವ ಒಂದು ರಂಜೆ ಮರ ಬಿಜೈಯಂತಹ ಪೇಟೆಯ ನಡುವೆ ಎಷ್ಟು ಕಡೆ ಉಳಿದಿದೆ?

ಹಂಚಿನಮನೆ (ಬಿಜೈ), ಮಾರ್ಚ್ 23

ಪಡುಕೆರೆಯವರೇ, ಕೇಳಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಕೇಳಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಎಲ್ಲವೂ ಹೋಗುತ್ತದೆ ಎಂದು ಹಿರಿಯಮ್ಮ ಹೇಳಿದ್ದನ್ನು ಹಾಗೆಯೇ ನಂಬಿಕೊಂಡೆ. ನಾಳೆ ಅಳತೆಗೆ ಎಂಜಿನಿಯರ್ ಬರುತ್ತಾರಂತೆ, ಮಾತಾಡುತ್ತೇನೆ.

ಮುರಕಲ್ಲು (ಮೂಡುಬಿದಿರೆ), ಮಾರ್ಚ್ 23

ರಂಜೆಯ ವಿಷಯದಲ್ಲಿ ಪಡುಕೆರೆಯವರ ಮಾತು ನೂರಕ್ಕೆ ನೂರು ಸರಿ, ಅದನ್ನು ನಾನೇ ಮೊದಲು ಹೇಳಬೇಕಿತ್ತು. ಆ ಗಾತ್ರದ ರಂಜೆ ನಿಧಾನವಾಗಿ ಬೆಳೆಯುವ ಮರ. ಅದನ್ನು ಕುಂಡಕ್ಕೆ ಇಳಿಸುವ ಪ್ರಯತ್ನ ಮಾಡಬೇಡಿ. ನೆಲದಲ್ಲಿ ಬಾಳಬಲ್ಲ ಮರವನ್ನು ನೆಲದಲ್ಲೇ ಬಿಡುವಂತೆ ಕೇಳುವುದು ಮೊದಲ ಕೆಲಸ, ಅಗೆಯುವುದು ಅದರ ನಂತರದ್ದು.

ಆದರೆ ಕುಂಡಕ್ಕೆ ಬಂದ ಮರ ಮರವೇ ಅಲ್ಲ ಎಂಬ ಮಾತನ್ನು ಒಪ್ಪಲು ನನಗೆ ಸಾಧ್ಯವಿಲ್ಲ. ಅಮೆರಿಕದ ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಜಪಾನಿನಿಂದ ಬಂದ ಒಂದು ಬಿಳಿ ಪೈನ್ ಮರವಿದೆ. 1625ರಿಂದ ಅದನ್ನು ಬೋನ್ಸಾಯ್ ಆಗಿ ಬೆಳೆಸಿಕೊಂಡು ಬಂದಿದ್ದಾರೆ ಎನ್ನುತ್ತಾರೆ. 1945ರ ಆಗಸ್ಟಿನಲ್ಲಿ ಹಿರೋಶಿಮಾದ ಮೇಲೆ ಅಣುಬಾಂಬು ಬಿದ್ದಾಗ ಅದು ಅದೇ ಊರಿನಲ್ಲಿ ಯಾಮಾಕಿ ಮನೆತನದವರ ತೋಟದ ಗೋಡೆಯ ಮರೆಯಲ್ಲಿತ್ತು, ಉಳಿಯಿತು; 1976ರಲ್ಲಿ ಆ ಮನೆತನದ ಮಸಾರು ಯಾಮಾಕಿ ಅದನ್ನು ಅಮೆರಿಕಕ್ಕೆ ಕೊಟ್ಟರು. ಕುಂಡದ ಮರ ಅಷ್ಟು ಕಾಲ ಬದುಕುವುದಕ್ಕೆ ಕಾರಣ ಇಷ್ಟೆ: ಎರಡು ಮೂರು ವರ್ಷಕ್ಕೊಮ್ಮೆ ಬೇರನ್ನು ಬಿಡಿಸಿ, ಹಳೆಯದನ್ನು ಕತ್ತರಿಸಿ, ಹೊಸ ಮಣ್ಣು ಕೊಟ್ಟಾಗ ಮರ ಹೊಸ ಬೇರನ್ನೂ ಹೊಸ ಚಿಗುರನ್ನೂ ಹಾಕುತ್ತಲೇ ಇರುತ್ತದೆ. ಉಪವಾಸ ಕೆಡವಿ ಕುಬ್ಜ ಮಾಡುವುದು ಎಂಬ ತಿಳಿವಳಿಕೆ ತಪ್ಪು. ಹಸಿದ ಮರ ಬೋನ್ಸಾಯ್ ಆಗುವುದಿಲ್ಲ, ಸತ್ತುಹೋಗುತ್ತದೆ.

ಜಪಾನಿನಲ್ಲಿ ಬೆಟ್ಟದಿಂದ ತಂದ ಮರಕ್ಕೆ ಯಮದೋರಿ ಎನ್ನುತ್ತಾರೆ. ಯಮ ಎಂದರೆ ಬೆಟ್ಟ, ದೋರಿ ಎಂದರೆ ತೆಗೆಯುವುದು. ನಮಗೆ ಬೆಟ್ಟದಿಂದ ತರುವ ಅಗತ್ಯವೂ ಇಲ್ಲ, ಹಕ್ಕೂ ಇಲ್ಲ. ನಮ್ಮ ಪೇಟೆಗಳಲ್ಲಿ ಕೆಡವುವ ಪ್ರತಿ ಮನೆಯ ಅಂಗಳದಲ್ಲೂ ಮೂವತ್ತು ನಲವತ್ತು ವರ್ಷ ಮನುಷ್ಯರ ಕತ್ತಿಯ ಕೆಳಗೆ ಬೆಳೆದ ಬುಡಗಳಿವೆ, ಅವು ನೇರವಾಗಿ ಕಸದ ಲಾರಿಗೆ ಹೋಗುತ್ತವೆ. ನಾನು ಮಾತಾಡುತ್ತಿರುವುದು ಅವುಗಳ ಬಗ್ಗೆ ಮಾತ್ರ.

ಕಡತ (ಕಂಕನಾಡಿ), ಮಾರ್ಚ್ 24

ಕಾನೂನಿನ ಬಗ್ಗೆ ಒಂದು ಮಾತನ್ನು ಸೇರಿಸಬೇಕಾಗಿದೆ. ಖಾಸಗಿ ಜಾಗದ ಮರವಾದರೂ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ, ಮತ್ತು ಆ ಕಾಯ್ದೆಯಲ್ಲಿ ಮರ ಕಡಿಯುವುದು ಎಂದರೆ ಕೊಡಲಿಯಿಂದ ಕಡಿಯುವುದು ಮಾತ್ರವಲ್ಲ, ಬೇರುಸಮೇತ ಕೀಳುವುದೂ ಅದರೊಳಗೆ ಸೇರುತ್ತದೆ. ಆದ್ದರಿಂದ "ನಾವು ಕಡಿಯುತ್ತಿಲ್ಲ, ಎತ್ತುತ್ತಿದ್ದೇವೆ" ಎಂಬ ವಾದ ನಿಲ್ಲುವುದಿಲ್ಲ. ಬೇಲಿಯ ಕೇಪಳಕ್ಕೂ ಬೋಗನ್‌ವಿಲ್ಲಾಕ್ಕೂ ತೊಂದರೆಯಾಗಲಾರದು, ಆದರೆ ಪೇರಳೆ, ಗೋಳಿ, ಹಲಸು, ರಂಜೆಗಳ ವಿಷಯದಲ್ಲಿ ಕಟ್ಟುವವರು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯಿಂದ ಅನುಮತಿ ಪಡೆದಿದ್ದಾರೆಯೇ, ಆ ಅನುಮತಿಯಲ್ಲಿ ಯಾವ ಯಾವ ಮರಗಳಿವೆ ಎಂಬುದನ್ನು ನೋಡಿಕೊಳ್ಳಿ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನಿಮ್ಮ ಮರಗಳು ಆ ಪಟ್ಟಿಯಲ್ಲಿವೆಯೇ ಎಂದು ಕಚೇರಿಯಲ್ಲೇ ಕೇಳುವುದು ಒಳ್ಳೆಯದು. ಹಿರಿಯಮ್ಮ ಬಾಯಿಮಾತಿನಲ್ಲಿ ಹೇಳಿದ್ದನ್ನು ಒಂದು ಕಾಗದದಲ್ಲಿ ಬರೆಸಿಕೊಳ್ಳಿ. ಜಾಗದ ಹೆಸರು ಬದಲಾದ ಮೇಲೆ ಕೊಡುವ ಅಧಿಕಾರ ಅವರಿಗೆ ಇರುವುದಿಲ್ಲ.

ಅಡಿಕೆತೋಟ (ಕಾರ್ಕಳ), ಮಾರ್ಚ್ 24

ನಾನು ಕೃಷಿಕ. ಬೋನ್ಸಾಯ್ ಮಾಡಲು ಆರಂಭಿಸಿ ಏಳು ವರ್ಷವಾಯಿತು. ಕಾಲದ ಬಗ್ಗೆ ನನ್ನ ಅನುಭವ ಮುರಕಲ್ಲು ಅವರ ಅನುಭವಕ್ಕಿಂತ ಸ್ವಲ್ಪ ಬೇರೆ. ನಮ್ಮ ಹಿರಿಯರು ಗಿಡ ಕಿತ್ತು ನೆಡುವ ಕೆಲಸವನ್ನು ತುಳು ಪಂಚಾಂಗದ ಪತ್ತನಾಜೆ ದಿನ ಕಳೆದು ಮಳೆ ಹಿಡಿದ ಮೇಲೆಯೇ ಮಾಡುತ್ತಿದ್ದರು. ಅಂದರೆ ಮೇ ತಿಂಗಳ ಕೊನೆಯಿಂದ ಜೂನ್ ನಡುವೆ. ಗಾಳಿಯಲ್ಲಿ ಪಸೆ ಇರುವಾಗ ಎಲೆ ಬಾಡುವುದಿಲ್ಲ. ಏಪ್ರಿಲಿನ ಬಿಸಿಲಿಗೆ ಬೇರಿಲ್ಲದ ಬುಡವನ್ನು ಒಡ್ಡುವುದು ಅಪಾಯ ಎಂದೇ ನನ್ನ ಅಭಿಪ್ರಾಯ. ಕಟ್ಟುವವರ ಬಳಿ ಒಂದು ತಿಂಗಳ ಅವಕಾಶ ಕೇಳಿ ನೋಡಿ.

ಕುಯ್ದ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಿ. ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ; ಮುಲಾಮಿಗೆ ಅಷ್ಟೇ ಮೈಲುತುತ್ತು, ಅಷ್ಟೇ ಸುಣ್ಣ, ನೀರು ಮಾತ್ರ 10 ಲೀಟರ್. ನಿಮಗೆ ಬೇಕಾಗುವುದು ಒಂದು ತೆಂಗಿನ ಗೆರಟೆಯಷ್ಟು, ತಕ್ಕಂತೆ ಕಡಿಮೆ ಮಾಡಿಕೊಳ್ಳಿ. ಶಿಲೀಂಧ್ರ ಸುಲಭವಾಗಿ ಹಿಡಿಯುವುದಿಲ್ಲ.

ಮುರಕಲ್ಲು (ಮೂಡುಬಿದಿರೆ), ಮಾರ್ಚ್ 24

ಅಡಿಕೆತೋಟದವರೇ, ಎಳೆಯ ಗಿಡಕ್ಕೆ ಪತ್ತನಾಜೆಯ ಲೆಕ್ಕ ಸರಿ. ಹಳೆಯ ಬುಡಕ್ಕೆ ನಾನು ಅದನ್ನು ಒಪ್ಪುವುದಿಲ್ಲ, ಅದಕ್ಕೆ ಕಾರಣವನ್ನೂ ಹೇಳುತ್ತೇನೆ. ಎಳೆಯ ಗಿಡದಲ್ಲಿ ಬೇರು ಇದೆ, ಬಂದ ನೀರನ್ನು ಅದು ಕುಡಿಯುತ್ತದೆ. ಕುಯ್ದ ಬುಡದಲ್ಲಿ ಕುಡಿಯುವ ಬೇರು ಇಲ್ಲ, ಇರುವುದು ತೆರೆದ ಗಾಯ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನಿನಿಂದ ಆಗಸ್ಟಿನೊಳಗೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹತ್ತು ದಿನ ಬಿಡದೆ ನೆನೆದ ಬೋಗನ್‌ವಿಲ್ಲಾದ ಗಾಯ ಒಳಗಿನಿಂದ ಕೊಳೆಯುತ್ತದೆ. ಏಪ್ರಿಲಿನಲ್ಲಿ ಎತ್ತಿ, ನೆರಳಿನಲ್ಲಿಟ್ಟು, ಒದ್ದೆ ಗೋಣಿ ಸುತ್ತಿ ಪಸೆಯನ್ನು ನಾವೇ ಕೊಟ್ಟರೆ, ಮಳೆ ಬರುವ ಹೊತ್ತಿಗೆ ಹೊಸ ಬೇರು ಬಂದಿರುತ್ತದೆ. ಮಳೆ ಹಿಡಿದ ಮೇಲೆ ಕುಂಡಗಳ ಮೇಲೆ ಪಾರದರ್ಶಕ ಶೀಟಿನ ಮಾಡು ಬೇಕೇ ಬೇಕು.

ಅಡಿಕೆತೋಟ (ಕಾರ್ಕಳ), ಮಾರ್ಚ್ 25

ಮಾಡು ಕಟ್ಟುವ ಅನುಕೂಲ ಇದ್ದವರಿಗೆ ನಿಮ್ಮ ಮಾತು ಸರಿ ಹೊಂದುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಯಾವ ತಿಂಗಳಲ್ಲಿ ಎತ್ತಿದರೂ ಎಲ್ಲರೂ ಬೀಳುವ ಒಂದು ಹೊಂಡ ಇದೆ. ನನ್ನ ಕೈಯಲ್ಲೇ ಒಂದು ಹುಣಸೆ ಹೀಗೆ ಸತ್ತದ್ದರಿಂದ ವಿವರವಾಗಿ ಬರೆಯುತ್ತೇನೆ.

ಸಂಬಂಧಿಕರೊಬ್ಬರ ಮನೆಯ ಕಾಂಪೌಂಡು ಗೋಡೆ ಕಟ್ಟುವಾಗ ಮಣಿಕಟ್ಟಿಗಿಂತ ದಪ್ಪದ ಒಂದು ಹುಣಸೆಯ ಬುಡವನ್ನು ಎತ್ತಿ ತಂದಿದ್ದೆ. ಮರದ ಪೆಟ್ಟಿಗೆಯಲ್ಲಿಟ್ಟು ಕೊಟ್ಟಿಗೆಯ ಬದಿಯಲ್ಲಿ ಇರಿಸಿದೆ. ಸರಿಯಾಗಿ ಇಪ್ಪತ್ತನೆಯ ದಿನ ತೊಗಟೆಯ ಬಿರುಕುಗಳಿಂದ ಕೆಂಪು ಛಾಯೆಯ ಸಣ್ಣ ಚಿಗುರುಗಳು ಹೊರಟವು, ಹದಿನಾಲ್ಕು ಎಣಿಸಿದ್ದೆ. ಬದುಕಿತು ಎಂದು ಸಂತೋಷಪಟ್ಟು ಪೆಟ್ಟಿಗೆಯನ್ನು ಬಿಸಿಲಿಗೆ ಎತ್ತಿಟ್ಟೆ, ನೆಲಗಡಲೆ ಹಿಂಡಿ ಕದಡಿದ ನೀರನ್ನೂ ಕೊಟ್ಟೆ. ಎರಡು ವಾರ ಕಳೆಯುವುದರೊಳಗೆ ಒಂದು ಮಧ್ಯಾಹ್ನ ಎಲ್ಲ ಚಿಗುರುಗಳೂ ಒಟ್ಟಿಗೆ ತಲೆ ಬಾಗಿಸಿದವು. ನೀರು ಸಾಲಲಿಲ್ಲ ಎಂದುಕೊಂಡು ಇನ್ನಷ್ಟು ಹೊಯ್ದೆ. ಕೊನೆಗೆ ಪೆಟ್ಟಿಗೆ ಬಿಚ್ಚಿ ನೋಡಿದರೆ ಒಂದೇ ಒಂದು ಬಿಳಿ ಬೇರು ಇರಲಿಲ್ಲ. ಕುಯ್ದ ತುದಿಗಳು ಕಪ್ಪಾಗಿ ಹುಳಿ ವಾಸನೆ ಬರುತ್ತಿತ್ತು, ಬುಡದ ತೊಗಟೆ ಹೆಬ್ಬೆರಳಿನಿಂದ ಒತ್ತಿದರೆ ನೆನೆದ ರಟ್ಟಿನಂತೆ ಜಾರುತ್ತಿತ್ತು.

ಮೊದಲ ಚಿಗುರು ಬರುವುದು ಕಾಂಡದಲ್ಲಿ ಕೂಡಿಟ್ಟ ಆಹಾರದಿಂದ, ಬೇರಿನಿಂದ ಅಲ್ಲ. ಆ ಚಿಗುರು ಎಲೆಯಾಗಿ ಬಲಿತು, ಅದು ತಯಾರಿಸಿದ ಆಹಾರ ಕೆಳಗೆ ಇಳಿದ ಮೇಲೆ ಬೇರು ಹೊರಡುತ್ತದೆ. ಎರಡನೆಯ ಬಾರಿ ಚಿಗುರು ಬರುವವರೆಗೆ ಪೆಟ್ಟಿಗೆಯನ್ನು ಜಾಗದಿಂದ ಕದಲಿಸಬಾರದು, ಗೊಬ್ಬರ ತೋರಿಸಬಾರದು.

ಮುರಕಲ್ಲು (ಮೂಡುಬಿದಿರೆ), ಮಾರ್ಚ್ 25

ಇದನ್ನು ಪ್ರತಿಯೊಬ್ಬ ಹೊಸಬರೂ ಓದಬೇಕು. ನಾನು ಒಂದನ್ನು ಸೇರಿಸುತ್ತೇನೆ: ಬುಡವನ್ನು ಪೆಟ್ಟಿಗೆಗೆ ಅಡ್ಡಪಟ್ಟಿ ಹೊಡೆದು ಅಲುಗಾಡದಂತೆ ಬಿಗಿಯಿರಿ. ಗಾಳಿಗೆ ಕಾಂಡ ಕೂದಲೆಳೆಯಷ್ಟು ಅಲುಗಿದರೂ ಆಗ ತಾನೇ ಹೊರಟ ಬೇರಿನ ತುದಿ ಮುರಿಯುತ್ತದೆ.

ರಾ. ಹೆ. 66 (ಮಣಿಪಾಲ), ಮಾರ್ಚ್ 25

ನಾನು ವಿದ್ಯಾರ್ಥಿ, ಬೋನ್ಸಾಯ್‌ಗೆ ಹೊಸಬ. ಹಿರಿಯರಲ್ಲಿ ಎರಡು ಪ್ರಶ್ನೆಗಳು. ಹಳೆಯ ಮೋರಿ, ಕಟ್ಟೆ, ಮಾಡಿನ ಸಂದಿಗಳಲ್ಲಿ ಬೆಳೆಯುವ ಗೋಳಿ ಮತ್ತು ಅಶ್ವತ್ಥಗಳನ್ನು ತರಬಹುದೇ? ಹಾಗೆಯೇ ಆಗುಂಬೆ, ಕುದುರೆಮುಖದ ಕಡೆ ಬಂಡೆಯ ಮೇಲೆ ಸಹಜವಾಗಿಯೇ ಕುಬ್ಜವಾಗಿ ಬೆಳೆದ ಎಷ್ಟೋ ಸುಂದರ ಗಿಡಗಳಿವೆ, ಅವುಗಳಲ್ಲಿ ಒಂದನ್ನು ತಂದರೆ ಕಾಡಿಗೆ ಏನು ನಷ್ಟ?

ಕಡತ (ಕಂಕನಾಡಿ), ಮಾರ್ಚ್ 26

ಎರಡನೆಯದಕ್ಕೆ ಮೊದಲು ಉತ್ತರ. ಕುದುರೆಮುಖ ರಾಷ್ಟ್ರೀಯ ಉದ್ಯಾನ; ಅಲ್ಲಿಂದಾಗಲಿ, ಬೇರೆ ಯಾವ ಮೀಸಲು ಅರಣ್ಯದಿಂದಾಗಲಿ ಗಿಡ ತೆಗೆಯುವುದು ಅಪರಾಧ. 1963ರ ಕರ್ನಾಟಕ ಅರಣ್ಯ ಕಾಯ್ದೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿವೆ. ದಯವಿಟ್ಟು ಇದನ್ನು ಚರ್ಚೆಯ ವಿಷಯ ಮಾಡಬೇಡಿ.

ಪಡುಕೆರೆ (ಉಡುಪಿ), ಮಾರ್ಚ್ 26

ತಮ್ಮಾ, ನಷ್ಟ ಏನು ಎಂದು ಕೇಳಿದ್ದೀರಿ. ಬಂಡೆಯ ಮೇಲೆ ಒಂದು ಮೊಳ ಎತ್ತರಕ್ಕೆ ಬೆಳೆದ ಆ ಗಿಡದ ವಯಸ್ಸು ನಿಮ್ಮ ಅಜ್ಜನ ವಯಸ್ಸಿಗಿಂತ ಹೆಚ್ಚು ಇರಬಹುದು. ಅದು ನಿಂತಿರುವುದು ಬಂಡೆಯ ಬಿರುಕಿನಲ್ಲಿ ಸಂಗ್ರಹವಾದ ಒಂದು ಹಿಡಿ ಮಣ್ಣಿನ ಆಧಾರದಲ್ಲಿ. ಗಿಡ ಕಿತ್ತರೆ ಮುಂದಿನ ಮಳೆಗೆ ಆ ಮಣ್ಣು ಕೊಚ್ಚಿಹೋಗುತ್ತದೆ, ಆಮೇಲೆ ಅಲ್ಲಿ ಏನೂ ಹುಟ್ಟುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಗಿಡವನ್ನು ಯಾರೂ ಬೇಡ ಎಂದಿಲ್ಲ. ಅಲ್ಲಿಗೆ ಜೆಸಿಬಿ ಬರುತ್ತಿಲ್ಲ. ನಾಗಬನ, ದೈವದ ಬನಗಳ ವಿಷಯವೂ ಹಾಗೆಯೇ. ಅಲ್ಲಿಂದ ಒಣಗಿದ ಕಡ್ಡಿಯನ್ನೂ ಮನೆಗೆ ತರುವುದಿಲ್ಲ ಎಂಬ ಕಟ್ಟಳೆಯಿಂದಲೇ ನಮ್ಮ ಊರುಗಳಲ್ಲಿ ಇಷ್ಟಾದರೂ ಹಳೆಯ ಮರಗಳು ಉಳಿದಿವೆ.

ಮುರಕಲ್ಲು (ಮೂಡುಬಿದಿರೆ), ಮಾರ್ಚ್ 26

ಗೋಡೆಯ ಗೋಳಿಯ ಬಗ್ಗೆ ನಾನು ಹೇಳುತ್ತೇನೆ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಬೀಜ ಕಲ್ಲಿನ ಸಂದಿಯಲ್ಲಿ ಮೊಳೆಯುತ್ತದೆ, ಮನೆಯವರು ಪ್ರತಿ ವರ್ಷ ಅದನ್ನು ಕತ್ತಿಯಿಂದ ಸವರುತ್ತಾರೆ, ಅದು ಪ್ರತಿ ವರ್ಷ ಮತ್ತೆ ಚಿಗುರುತ್ತದೆ. ಹತ್ತು ಹದಿನೈದು ವರ್ಷ ಹೀಗಾದ ಬುಡ ಎತ್ತರದಲ್ಲಿ ಗೇಣಷ್ಟೇ ಇದ್ದು ಅಗಲದಲ್ಲಿ ಮುಷ್ಟಿಗಿಂತ ದಪ್ಪವಾಗಿರುತ್ತದೆ. ಗೋಡೆಗೆ ಅದು ಶತ್ರು, ನಮಗೆ ಅದಕ್ಕಿಂತ ಒಳ್ಳೆಯ ಬುಡ ಸಿಗುವುದಿಲ್ಲ. ಮನೆಯವರ ಒಪ್ಪಿಗೆ ಪಡೆದು ತರಬಹುದು. ಸಾರ್ವಜನಿಕ ಮೋರಿ, ಸೇತುವೆಗಳದ್ದಾದರೆ ಸಂಬಂಧಪಟ್ಟ ಕಚೇರಿಯನ್ನು ಕೇಳದೆ ಕಲ್ಲು ಸಡಿಲಿಸಬಾರದು. ಅಶ್ವತ್ಥವನ್ನು ಕೀಳಲು ನಮ್ಮಲ್ಲಿ ಹೆಚ್ಚಿನವರು ಹಿಂಜರಿಯುತ್ತಾರೆ. ಗೋಡೆ ಬಿರಿಯುತ್ತದೆ ಎಂದು ಗೊತ್ತಿದ್ದೂ ಹಾಗೇ ಬಿಟ್ಟವರು ಎಷ್ಟೋ ಮಂದಿ ಇದ್ದಾರೆ, ಕೊಲ್ಲದೆ ಕುಂಡಕ್ಕೆ ಒಯ್ಯುತ್ತೇವೆ ಎಂದರೆ ಅವರು ಸಮಾಧಾನದಿಂದ ಒಪ್ಪುತ್ತಾರೆ.

ಹಂಚಿನಮನೆಯವರೇ, ಬಾವಿಕಟ್ಟೆಯ ಗೋಳಿಯನ್ನು ಈಗ ಮುಟ್ಟಬೇಡಿ. ಕಟ್ಟೆ ಒಡೆಯುವ ದಿನ ಜೆಸಿಬಿಯವರಿಗೆ ಹೇಳಿ ಮೇಲಿನ ಎರಡು ವರಸೆ ಕಲ್ಲನ್ನು ಕೈಯಿಂದ ಬಿಡಿಸಿ. ಕಲ್ಲುಗಳ ನಡುವೆ ಬೆಳೆದ ಬೇರು ನೀರುದೋಸೆಯಷ್ಟು ತೆಳ್ಳಗೆ ಚಪ್ಪಟೆಯಾಗಿ ಹರಡಿರುತ್ತದೆ, ಅದನ್ನು ಹರಿಯದೆ ತಂದರೆ ನೀವು ಇನ್ನು ಮೂವತ್ತು ವರ್ಷ ದುಡಿದರೂ ಮಾಡಲಾಗದ ರೂಪ ಅದರಲ್ಲಿರುತ್ತದೆ.

ಮಣ್ಣಿನ ಬಗ್ಗೆ ಇನ್ನೊಂದು ಮಾತು. ಆ ಮನೆಯ ಹಂಚನ್ನೇ ಕುಟ್ಟಿ ಬಳಸಿಕೊಳ್ಳಿ. ಬಾಸೆಲ್ ಮಿಷನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ನಮ್ಮ ಮಾಡುಗಳ ಮೇಲಿರುವ ಈ ಸುಟ್ಟ ಜೇಡಿಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಚೂರುಗಳ ನಡುವೆ ಗಾಳಿಯೂ ಆಡುತ್ತದೆ. ಕಡಲೆಕಾಳಿನಷ್ಟು ಗಾತ್ರಕ್ಕೆ ಕುಟ್ಟಿ, ಹುಡಿಯನ್ನು ಜರಡಿ ಹಿಡಿದು ತೆಗೆದುಹಾಕಿ. ಮೂಲೆಹಂಚುಗಳನ್ನು ಮಾತ್ರ ಬಿಡಿ, ಅವಕ್ಕೆ ಗಾರೆ ಅಂಟಿರುತ್ತದೆ. ಗಾರೆ, ಸಿಮೆಂಟುಗಳಲ್ಲಿರುವ ಸುಣ್ಣದ ಅಂಶ ಕೇಪಳಕ್ಕೆ ಆಗದು. ನಮ್ಮ ಹುಳಿ ಮಣ್ಣಿಗೆ ಒಗ್ಗಿದ ಆ ಗಿಡ ಸುಣ್ಣ ತಾಗಿದ ಮಣ್ಣಿನಿಂದ ಕಬ್ಬಿಣದ ಅಂಶವನ್ನು ಹೀರಲಾರದೆ ಎಲೆ ಹಳದಿಯಾಗಿ ಸೊರಗುತ್ತದೆ. ಕಡಲ ಮರಳನ್ನೂ ಬಳಸಬೇಡಿ, ಉಪ್ಪು ಇರುತ್ತದೆ.

ಪಡುಕೆರೆ (ಉಡುಪಿ), ಮಾರ್ಚ್ 27

ನಾನು ಈ ನಾಲ್ಕು ದಿನ ಎಲ್ಲರ ಉತ್ತರಗಳನ್ನೂ ಓದಿ ಯೋಚಿಸಿದೆ. ಕುಂಡದಲ್ಲಿ ಮರ ಚೆನ್ನಾಗಿ ಬದುಕಬಲ್ಲದು ಎಂಬುದರ ಬಗ್ಗೆ ನನ್ನ ಅನುಮಾನ ಕಡಿಮೆಯಾಗಿದೆ. ಆದರೆ ಒಂದು ವಿಷಯದಲ್ಲಿ ನಾನು ಹಿಂದೆ ಸರಿಯುವುದಿಲ್ಲ: ಸಂಖ್ಯೆ. ಬೇಲಿಯಲ್ಲಿ ಮೂವತ್ತು ಕೇಪಳ ಇದೆ ಎಂದು ಮೂವತ್ತನ್ನೂ ಎತ್ತುವವರನ್ನು ನಾನು ನೋಡಿದ್ದೇನೆ. ಅವುಗಳಿಗೆ ದಿನಕ್ಕೆ ಎರಡು ಬಾರಿ ನೀರು ಕೊಡಲು, ಗೋಣಿ ಒದ್ದೆ ಮಾಡಲು, ಮಳೆಗೆ ಮಾಡು ಕಟ್ಟಲು ಅವರಿಂದ ಆಗುವುದಿಲ್ಲ. ಇಪ್ಪತ್ತೈದು ಗಿಡಗಳು ಗೇಟಿನ ಬದಿಯಲ್ಲಿ ಒಣಗಿ ಕಟ್ಟಿಗೆಯಾಗುತ್ತವೆ. ಎತ್ತಿದ ಮೇಲೆ ಆರು ತಿಂಗಳು ಊರು ಬಿಟ್ಟು ಹೋಗದೆ ನೋಡಿಕೊಳ್ಳಲು ಎಷ್ಟು ಸಾಧ್ಯವೋ ಅಷ್ಟನ್ನು ಮಾತ್ರ ಬೋನ್ಸಾಯ್‌ಗೆ ಒಯ್ಯಿರಿ. ಉಳಿದ ಕೇಪಳಗಳನ್ನು ತಲೆ ಸವರಿ, ಮಣ್ಣಿನ ಮುದ್ದೆಯೊಂದಿಗೆ ಎತ್ತಿ, ಜಾಗ ಇರುವ ಯಾರಿಗಾದರೂ ನೆಲದಲ್ಲಿ ನೆಡಲು ಕೊಡಿ. ನನ್ನ ಮನೆಯ ಹಿಂದಿನ ಬೇಲಿಗೆ ಹತ್ತು ಬೇಕು, ನಾನೇ ಬಂದು ಒಯ್ಯುತ್ತೇನೆ. ಕೆಂಪು ಹಣ್ಣು ತಿನ್ನಲು ಮಕ್ಕಳೂ ಬರುತ್ತಾರೆ, ಪಿಕಳಾರಗಳೂ ಬರುತ್ತವೆ.

ಮುರಕಲ್ಲು (ಮೂಡುಬಿದಿರೆ), ಮಾರ್ಚ್ 27

ಒಪ್ಪಿದೆ. ಹಂಚಿನಮನೆಯವರೇ, ಬೋಗನ್‌ವಿಲ್ಲಾ, ಗೋಳಿ, ಎರಡು ಪೇರಳೆಗಳಲ್ಲಿ ಒಂದು, ಕೇಪಳ ಐದು. ಅದಕ್ಕಿಂತ ಹೆಚ್ಚು ಮುಟ್ಟಬೇಡಿ.

ಹಂಚಿನಮನೆ (ಬಿಜೈ), ಮೇ 3

ಎಲ್ಲರಿಗೂ ತಿಳಿಸಬೇಕಾದ ವಿವರಗಳು. ಎಂಜಿನಿಯರರೊಂದಿಗೆ ಮೂರು ಬಾರಿ ಮಾತಾಡಿದೆ. ರಂಜೆ ನಿಜವಾಗಿಯೂ ಖಾಲಿ ಬಿಡುವ ಜಾಗದಲ್ಲೇ ಇದೆ. ಅದನ್ನು ತೆಗೆಯಬೇಕೆಂದು ಬರೆದದ್ದು ಲಾರಿ ತಿರುಗಿಸಲು ಅನುಕೂಲವಾಗಲಿ ಎಂಬ ಒಂದೇ ಕಾರಣಕ್ಕೆ. ಲಾರಿಯನ್ನು ಇನ್ನೊಂದು ಬದಿಯಿಂದ ತರಲು ಅವರು ಒಪ್ಪಿದರು, ಈಗ ಮರದ ಸುತ್ತ ತಗಡಿನ ಬೇಲಿ ಹಾಕಿದ್ದಾರೆ. ಉಳಿದ ಮರಗಳಿಗೆ ಅನುಮತಿ ಪತ್ರ ಇತ್ತು, ಪ್ರತಿಯನ್ನು ನೋಡಿದೆ. ಹಿರಿಯಮ್ಮನೂ ಕಾಗದ ಬರೆದು ಕೊಟ್ಟರು.

ಬೋಗನ್‌ವಿಲ್ಲಾವನ್ನು ಏಪ್ರಿಲ್ 20ರ ಬೆಳಗ್ಗೆ ಎತ್ತಿದೆ. ಅರ್ಧ ಚರಂಡಿಯನ್ನು ಬಿಡಿಸುವಾಗ ನಾರಿನ ಹುಡಿಯೊಳಗೆ ಶ್ಯಾವಿಗೆಯಂತಹ ಬಿಳಿ ಬೇರುಗಳು ಕಂಡವು, ಮುಟ್ಟಿದರೆ ಮುರಿಯುವಷ್ಟು ಮೆದು. ಪಡುಕೆರೆಯವರು ಹತ್ತು ಕೇಪಳಗಳನ್ನು ಒಯ್ದರು, ಎಂಟನ್ನು ನಮ್ಮ ಓಣಿಯ ಇತರ ಮನೆಯವರು ನೆಟ್ಟುಕೊಂಡರು. ಗೋಳಿಯನ್ನು ಕಟ್ಟೆ ಒಡೆದ ದಿನ ಜೆಸಿಬಿ ಚಾಲಕರೇ ಇಳಿದು ಬಂದು ಕಲ್ಲು ಬಿಡಿಸಿಕೊಟ್ಟರು. ಬೇರು ಮುರಕಲ್ಲು ಅವರು ಹೇಳಿದಂತೆಯೇ ಇತ್ತು, ಒಂದು ಬದಿಯಲ್ಲಿ ಕಲ್ಲಿನ ಉಳಿಯ ಗುರುತು ಕೂಡ ಅಚ್ಚೊತ್ತಿದೆ.

ಹಂಚಿನಮನೆ (ಬಿಜೈ), ಅಕ್ಟೋಬರ್ 11

ಮಳೆಗಾಲ ಮುಗಿದ ಮೇಲಿನ ಸ್ಥಿತಿ. ಬೋಗನ್‌ವಿಲ್ಲಾ ಮೇ ಕೊನೆಗೆ ಚಿಗುರಿತು, ಆಗಸ್ಟಿನಲ್ಲಿ ಎರಡನೆಯ ಚಿಗುರು ಬಂದಿತು. ಗೋಳಿಗೆ ಏನೂ ಆಗಿಲ್ಲ. ಪೇರಳೆ ಬುಡದಿಂದಲೂ ಕಾಂಡದಿಂದಲೂ ಚಿಗುರಿ ಪೆಟ್ಟಿಗೆಯೇ ಕಾಣದಷ್ಟು ಬೆಳೆದಿದೆ. ಐದು ಕೇಪಳಗಳಲ್ಲಿ ಮೂರು ಸತ್ತವು. ಒಂದು ರಾತ್ರಿಯ ಗಾಳಿಗೆ ಶೀಟು ಹಾರಿಹೋದದ್ದನ್ನು ನಾನು ಎರಡು ದಿನ ಗಮನಿಸಿರಲಿಲ್ಲ, ಸತ್ತ ಮೂರೂ ಅದೇ ಬದಿಯಲ್ಲಿದ್ದವು. ಆ ತಪ್ಪು ನನ್ನದೇ, ಇನ್ನೂ ಮನಸ್ಸಿಗೆ ಕಷ್ಟವಾಗುತ್ತದೆ. ರಂಜೆಯ ಒಂದು ಬದಿಯ ಬೇರುಗಳು ನೀರಿನ ತೊಟ್ಟಿಯ ಹೊಂಡ ತೆಗೆಯುವಾಗ ಕಡಿದುಹೋದವು, ಆ ಬದಿಯ ಎರಡು ಕೊಂಬೆಗಳು ಒಣಗಿವೆ. ಉಳಿದ ಮರ ಹಸಿರಾಗಿಯೇ ಇದೆ.

ಹಿರಿಯಮ್ಮ ಕಳೆದ ಭಾನುವಾರ ಬಂದಿದ್ದರು. ಪೇರಳೆಯ ಕಾಂಡದ ಮೇಲೆ ಕೈಯಾಡಿಸಿ, ಉದುರುತ್ತಿದ್ದ ತೊಗಟೆಯ ಒಂದು ತೆಳು ಪದರವನ್ನು ಸುಲಿದು, ಅದರ ಅಡಿಯ ನುಣುಪಾದ ತಿಳಿಹಸಿರನ್ನು ತುಂಬಾ ಹೊತ್ತು ನೋಡುತ್ತಾ ಕುಳಿತರು. ಮುಂದಿನ ವರ್ಷ ಅದನ್ನು ಸರಿಯಾದ ಕುಂಡಕ್ಕೆ ಹಾಕಿ ಅವರ ಹೊಸ ಮನೆಯ ಬಾಲ್ಕನಿಗೆ ಕೊಡಬೇಕೆಂದಿದ್ದೇನೆ. ಈಗಲೇ ಕೊಂಬೆಗಳಿಗೆ ತಂತಿ ಸುತ್ತಿ ರೂಪ ಕೊಡಲು ಆರಂಭಿಸಬಹುದೇ?

ಮುರಕಲ್ಲು (ಮೂಡುಬಿದಿರೆ), ಅಕ್ಟೋಬರ್ 11

ಬೇಡ. ಈ ವರ್ಷ ಒಂದು ಎಲೆಯನ್ನೂ ಕತ್ತರಿಸದೆ ಬೆಳೆಯಲು ಬಿಡಿ. ಎಲೆ ಹೆಚ್ಚಿದ್ದಷ್ಟೂ ಬೇರು ಹೆಚ್ಚುತ್ತದೆ. ಬುಡದಿಂದ ನೇರವಾಗಿ ಮೇಲೆದ್ದ ಚಿಗುರುಗಳನ್ನು ಮಾತ್ರ ತೆಗೆಯಿರಿ, ಬಿಟ್ಟರೆ ಕಾಂಡದ ಬಲವನ್ನು ಅವೇ ಎಳೆದುಕೊಳ್ಳುತ್ತವೆ. ಫೆಬ್ರವರಿಯಲ್ಲಿ ಒಂದು ಚಿತ್ರ ತೆಗೆದು ಇಲ್ಲಿ ಹಾಕಿ, ಯಾವ ಕೊಂಬೆ ಇರಬೇಕು, ಯಾವುದು ಹೋಗಬೇಕು ಎಂಬುದನ್ನು ಆಗ ನೋಡೋಣ.